ಬಾಡಿಗೆಗೆ ದುಡ್ಡು ಸಿಕ್ಕಿತು, ಮನೆ ಸಿಗಬೇಕಲ್ಲ?

ಬಡವರಿಗೆ ಸರಕಾರವೇ ಮನೆ ಕಟ್ಟಿ ಬಾಡಿಗೆಗೆ ಕೊಡಬೇಕೋ, ಇಲ್ಲ ಬಾಡಿಗೆಯ ದುಡ್ಡಿಗೆ ನೆರವು ಕೊಟ್ಟು ‘ನಿಮಗೆ ಬೇಕಾದಲ್ಲಿ ಮನೆ ನೋಡಿಕೊಳ್ಳಿ’ ಅನ್ನಬೇಕೋ? ಅಮೆರಿಕದಲ್ಲಿ ಈ ಚರ್ಚೆಗೆ ಐವತ್ತು ವರ್ಷ ದಾಟಿದೆ. ಈಗ ಅದು ಮತ್ತೆ ಬಿಸಿಯೇರಿದೆ. 2025ರ ಮೇ ತಿಂಗಳಲ್ಲಿ ಟ್ರಂಪ್ ಆಡಳಿತ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ಬಾಡಿಗೆ ನೆರವಿನ ಹಣವನ್ನು ಶೇ. 43ರಷ್ಟು ಕಡಿತ ಮಾಡಿ, ಉಳಿದದ್ದನ್ನು ರಾಜ್ಯಗಳಿಗೆ ಇಡಿಗಂಟಾಗಿ ಕೊಡುವ ಮಾತಿತ್ತು. ದುಡಿಯುವ ಶಕ್ತಿ ಇರುವ ವಯಸ್ಕರಿಗೆ ಎರಡೇ ವರ್ಷ ನೆರವು ಎಂಬ ಮಿತಿಯೂ ಅದರಲ್ಲಿತ್ತು. ಕೊನೆಗೆ ಎಷ್ಟು ಹಣ ಅನ್ನುವುದನ್ನು ತೀರ್ಮಾನಿಸುವುದು ಅಲ್ಲಿನ ಸಂಸತ್ತು. ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ವ್ಯವಸ್ಥೆ ಕೇಳಲು ಸರಳ. 1974ರ ಕಾನೂನಿನಿಂದ ಬೆಳೆದು ಬಂದ ಈ ಯೋಜನೆಯಲ್ಲಿ ಬಡ ಕುಟುಂಬಕ್ಕೆ ಒಂದು ವೋಚರ್ ಸಿಗುತ್ತದೆ. ಕುಟುಂಬ ತನ್ನ ಆದಾಯದ ಸುಮಾರು ಶೇ. 30ನ್ನು ಬಾಡಿಗೆಗೆ ಹಾಕುತ್ತದೆ. ಉಳಿದದ್ದನ್ನು, ಒಂದು ಮಿತಿಯೊಳಗೆ, ಸ್ಥಳೀಯ ವಸತಿ ಪ್ರಾಧಿಕಾರ ನೇರವಾಗಿ ಮನೆ ಮಾಲಕರಿಗೆ ಕಟ್ಟುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಹೀಗೆ ಖಾಸಗಿ ಮನೆಗಳಲ್ಲಿ ವಾಸ ಮಾಡುತ್ತಿವೆ. ಆದರೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕೇಂದ್ರದ ಯಾವುದಾದರೊಂದು ಬಾಡಿಗೆ ನೆರವು ಸಿಗುತ್ತದೆ. ಉಳಿದವರು ವರ್ಷಗಟ್ಟಲೆ ಕಾಯಬೇಕು, ಅಷ್ಟೇ.

ಈ ಕಥೆಯ ಬೇರು ಶಿಕಾಗೋದಲ್ಲಿದೆ. ಅಲ್ಲಿನ ವಸತಿ ಪ್ರಾಧಿಕಾರ ಸರಕಾರಿ ಕಟ್ಟಡಗಳನ್ನು ಬಹುತೇಕ ಕಪ್ಪು ಜನರ ಬಡಾವಣೆಗಳಲ್ಲೇ ಕಟ್ಟುತ್ತಾ ಬಂದಿತ್ತು. ಬಡವರು ಒಂದು ಕಡೆ, ಅದರಲ್ಲೂ ಕಪ್ಪು ಜನರು ಒಂದೇ ಕಡೆ. ಇದನ್ನು ಪ್ರಶ್ನಿಸಿ 1966ರಲ್ಲಿ ಡೊರೊಥಿ ಗಾಟ್ರೊ ಎಂಬ ಬಾಡಿಗೆದಾರ ಮಹಿಳೆ ಮತ್ತಿತರರು ಕೋರ್ಟಿಗೆ ಹೋದರು. 1968ರಲ್ಲಿ ಆಕೆ ತೀರಿಕೊಂಡರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1976ರಲ್ಲಿ. ಪರಿಹಾರ ಊರಿನ ಆ ಬಡಾವಣೆಗಳಿಗೇ ಸೀಮಿತವಾಗಬೇಕಿಲ್ಲ, ಇಡೀ ಮಹಾನಗರ ವ್ಯಾಪ್ತಿಗೆ ವಿಸ್ತರಿಸಬಹುದು ಎಂದು ಕೋರ್ಟು ಹೇಳಿತು. ಆ ಬಳಿಕ ಎರಡು ದಶಕಗಳಲ್ಲಿ 7 ಸಾವಿರಕ್ಕೂ ಹೆಚ್ಚು ಕುಟುಂಬಗಳು ಬಾಡಿಗೆ ನೆರವು ಹಿಡಿದುಕೊಂಡು ಬೇರೆ ಕಡೆಗೆ ಹೋದವು.

ಹೋದವರಿಗೆ ನಿಜಕ್ಕೂ ಒಳ್ಳೆಯದಾಯಿತೇ? ಇದನ್ನು ನೋಡಲು 1994ರಿಂದ 1998ರ ನಡುವೆ ಸರಕಾರ ಒಂದು ದೊಡ್ಡ ಪ್ರಯೋಗ ಮಾಡಿತು. ಬಾಲ್ಟಿಮೋರ್, ಬೋಸ್ಟನ್, ಶಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಸರಕಾರಿ ವಸತಿ ಕಟ್ಟಡಗಳಲ್ಲಿದ್ದ ಸುಮಾರು 4,600 ಕುಟುಂಬಗಳ ನಡುವೆ ಚೀಟಿ ಎತ್ತಲಾಯಿತು. ಕೆಲವರಿಗೆ, ಬಡತನ ಕಡಿಮೆ ಇರುವ ಕಡೆ ಮಾತ್ರ ಬಳಸಬಹುದಾದ ವೋಚರ್ ಸಿಕ್ಕಿತು. ಕೆಲವರಿಗೆ ಸಾಮಾನ್ಯ ವೋಚರ್. ಉಳಿದವರಿಗೆ ಹೊಸದಾಗಿ ಏನೂ ಇಲ್ಲ. ಮೊದಲ ವರದಿಗಳು ನಿರಾಸೆ ತಂದವು. ದೊಡ್ಡವರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲೇ ಇಲ್ಲ. ಆರೋಗ್ಯ, ಮನಸ್ಸಿನ ನೆಮ್ಮದಿ ಸುಧಾರಿಸಿತ್ತು, ನಿಜ. ಆದರೆ ಸರಕಾರ ಕಾದದ್ದು ಉದ್ಯೋಗ, ವರಮಾನ ಏರುವುದನ್ನು.

ಲೆಕ್ಕ ಬದಲಾದದ್ದು 2015ರಲ್ಲಿ, ಆಗ ಮಕ್ಕಳು ದೊಡ್ಡವರಾಗಿದ್ದರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತವರ ಜೊತೆಗಾರರು ತೆರಿಗೆ ದಾಖಲೆ ತೆಗೆದು ನೋಡಿದರು. 13 ವರ್ಷ ತುಂಬುವ ಮೊದಲೇ ಉತ್ತಮ ಬಡಾವಣೆಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದವರಿಗಿಂತ ಶೇ. 31ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಸಿಗಲಿಲ್ಲ. ಅಂದರೆ ಮಗು ಒಳ್ಳೆಯ ಬಡಾವಣೆಯಲ್ಲಿ ಎಷ್ಟು ವರ್ಷ ಬೆಳೆಯುತ್ತದೆ ಅನ್ನುವುದೇ ಮುಖ್ಯ. ಹೀಗಿರುವಾಗ ‘ಎರಡು ವರ್ಷ ಸಾಕು’ ಎಂಬ ಮಿತಿ ಎಲ್ಲಿ ಪೆಟ್ಟು ಕೊಡುತ್ತದೆ ನೋಡಿ. ಮಿತಿ ಹಾಕುವುದು ತಂದೆ ತಾಯಿಗೆ, ಶಾಲೆ ಬಿಟ್ಟು ಹೊರಡಬೇಕಾದದ್ದು ಮಗು.

ಇನ್ನು ಎರಡನೇ ವಿಚಾರ. ಆ ಪ್ರಯೋಗದಲ್ಲಿ ಬಡತನ ಕಡಿಮೆ ಇರುವ ಕಡೆ ಹೋಗಲು ವೋಚರ್ ಸಿಕ್ಕಿದವರಲ್ಲಿ ಅರ್ಧದಷ್ಟು ಮಂದಿ ಅದನ್ನು ಬಳಸಿ ಹೋಗಲೇ ಇಲ್ಲ. ದೇಶದ ಮಟ್ಟದಲ್ಲಿ ಇವತ್ತಿಗೂ ಹೊಸ ವೋಚರ್ ಸಿಕ್ಕಿದ ಹತ್ತು ಮಂದಿಯಲ್ಲಿ ಸುಮಾರು ಆರು ಮಂದಿಗೆ ಮಾತ್ರ ಮನೆ ಸಿಗುತ್ತದೆ. ಸಾಮಾನ್ಯವಾಗಿ 60 ದಿನಗಳ ಗಡುವು ಇರುತ್ತದೆ. ಅಷ್ಟರಲ್ಲಿ ಅಡ್ವಾನ್ಸ್ ಹೊಂದಿಸಬೇಕು, ಓನರ್ ಒಪ್ಪಬೇಕು, ಮನೆಯ ತಪಾಸಣೆ ಪಾಸಾಗಬೇಕು. ಇದ್ದ ಊರಲ್ಲಿ ನೆಂಟರಿಷ್ಟರಿದ್ದಾರೆ, ಮಗು ನೋಡಿಕೊಳ್ಳಲು ಅಜ್ಜಿ ಇದ್ದಾರೆ. ಎಲ್ಲ ಬಿಟ್ಟು ಗುರುತಿಲ್ಲದ ಕಡೆ ಹೋಗುವುದು ಎಲ್ಲರಿಗೂ ಸುಲಭವಲ್ಲ.

ಅದಕ್ಕಿಂತ ದೊಡ್ಡ ತಡೆ ಓನರ್‌ಗಳದ್ದು. 2018ರಲ್ಲಿ ಅರ್ಬನ್ ಇನ್‌ಸ್ಟಿಟ್ಯೂಟ್ ಐದು ಕಡೆ ಪರೀಕ್ಷೆ ಮಾಡಿತು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಶೇ. 78ರಷ್ಟು ಮನೆ ಮಾಲಕರು ವೋಚರ್ ಬೇಡವೆಂದರು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಬೇಡವೆಂದವರು ಶೇ. 15. ಈ ಅಂತರಕ್ಕೆ ಒಂದು ಕಾರಣ ಕಾನೂನು. ವೋಚರ್ ಇದೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದು ವಾಷಿಂಗ್ಟನ್‌ನಲ್ಲಿ ಕಾನೂನುಬಾಹಿರ. ಫೋರ್ಟ್ ವರ್ತ್‌ನಲ್ಲಿ ಅಂಥ ರಕ್ಷಣೆ ಇಲ್ಲ. 1968ರ ಕೇಂದ್ರ ಕಾನೂನು ಜನಾಂಗ, ಧರ್ಮ ನೋಡಿ ಮನೆ ನಿರಾಕರಿಸುವುದನ್ನು ತಡೆಯುತ್ತದೆ, ಆದರೆ ವೋಚರ್ ಬಗ್ಗೆ ಸುಮ್ಮನಿದೆ. ಹಾಗಾಗಿ ‘ನಿಮ್ಮ ಬಣ್ಣಕ್ಕಲ್ಲ, ವೋಚರ್ ನಮಗೆ ಆಗಲ್ಲ’ ಅಂದುಬಿಟ್ಟರೆ ಮುಗೀತು. ಓನರ್‌ಗಳ ದೂರಿನಲ್ಲೂ ಹುರುಳಿಲ್ಲವೆಂದಲ್ಲ. ತಪಾಸಣೆ, ಕಾಗದಪತ್ರ ಮುಗಿಯುವವರೆಗೆ ಮನೆ ಖಾಲಿ ಬಿದ್ದಿರುತ್ತದೆ. ಅದನ್ನು ಸರಿಪಡಿಸಬೇಕಾದದ್ದು ಸರಕಾರ.

ಇದಕ್ಕೆ ಮದ್ದು ಇಲ್ಲವೇ? ಸಿಯಾಟಲ್ ಮತ್ತು ಸುತ್ತಲಿನ ಕಿಂಗ್ ಕೌಂಟಿಯ ವಸತಿ ಪ್ರಾಧಿಕಾರಗಳು ಮಾಡಿ ತೋರಿಸಿದವು. ವೋಚರ್ ಜೊತೆಗೆ ಮನೆ ಹುಡುಕಿ ಕೊಡುವ, ಓನರ್ ಹತ್ತಿರ ಮಾತಾಡುವ, ಅಡ್ವಾನ್ಸ್‌ಗೆ ನೆರವಾಗುವ ಜನರನ್ನು ನೇಮಿಸಿದವು. ಬರೀ ವೋಚರ್ ಸಿಕ್ಕಿದವರಲ್ಲಿ ಶೇ. 15 ಮಂದಿ ಉತ್ತಮ ಬಡಾವಣೆಗೆ ಹೋದರೆ, ಈ ನೆರವೂ ಸಿಕ್ಕಿದವರಲ್ಲಿ ಶೇ. 53 ಮಂದಿ ಹೋದರು.

ನಮಗೆ ಇದರಲ್ಲಿ ಏನಿದೆ? 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಕೈಗೆಟಕುವ ಬಾಡಿಗೆ ಮನೆ ಒಂದು ವಿಭಾಗ. ಅಲ್ಲಿ ಒತ್ತು ಇರುವುದು ಕಟ್ಟಡಕ್ಕೆ. ನಾಳೆ ನಮ್ಮಲ್ಲೂ ಬಾಡಿಗೆ ಸಬ್ಸಿಡಿ ಬಂದರೆ ಸ್ವಾಗತಿಸೋಣ. ಆದರೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಮನೆ ಹುಡುಕಿದ ನಮ್ಮ ಹುಡುಗರಿಗೆ, ‘ಹೆಸರೇನು?’ ಎಂದು ಕೇಳಿದ ಮೇಲೆ ಬ್ರೋಕರ್‌ನ ಮಾತು ಯಾವ ಕಡೆ ತಿರುಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಅವರ ಜೇಬಿನಲ್ಲಿ ಬಾಡಿಗೆಗೆ ದುಡ್ಡು ಇದ್ದೇ ಇತ್ತು. ಖಾಸಗಿ ಓನರ್ ಧರ್ಮವೋ ಜಾತಿಯೋ ನೋಡಿ ಬಾಡಿಗೆ ಮನೆ ನಿರಾಕರಿಸಿದರೆ ಅದಕ್ಕೆಂದೇ ತಡೆಯುವ ಪ್ರತ್ಯೇಕ ಕೇಂದ್ರ ಕಾನೂನು ನಮ್ಮಲ್ಲಿಲ್ಲ.

ಆದ್ದರಿಂದ ಇಂಥ ಯೋಜನೆ ಬಂದ ದಿನ ಸಬ್ಸಿಡಿ ಎಷ್ಟು ಸಾವಿರ ಅಂತ ಮಾತ್ರ ಕೇಳಿದರೆ ಸಾಲದು. ಓನರ್ ಬಾಗಿಲು ಹಾಕಿದರೆ ದೂರು ಯಾರಿಗೆ ಕೊಡಬೇಕು, ಮನೆ ಹುಡುಕಲು ಜೊತೆಗೆ ಯಾರು ಬರುತ್ತಾರೆ, ಮಗು ಶಾಲೆ ಮುಗಿಸುವವರೆಗೆ ನೆರವು ಇರುತ್ತದೆಯೇ ಎಂದೂ ನಮ್ಮ ಶಾಸಕರನ್ನು, ಸಂಸದರನ್ನು ಕೇಳಬೇಕು.