ಕೆಟ್ಟಿರುವುದು ತಂತಿಯೋ, ಕಿವಿಯೋ?

ಮೂರು ವಾರಗಳ ಹಿಂದೆ ಇದೇ ಪುರವಣಿಯಲ್ಲಿ ಮಿತ್ರರೊಬ್ಬರು ಚೀನೀಯರ ತಂತಿವಾದ್ಯವಾದ ಗುಝೆಂಗಿಗೆ ಒದಗಿರುವ ದುರ್ಗತಿಯನ್ನು ಕುರಿತು ಮರುಗಿ ಬರೆದಿದ್ದರು. ಅವರು ಹಿರಿಯರು, ಸಂಗೀತವನ್ನು ಬಲ್ಲವರು, ನನಗಿಂತ ಹೆಚ್ಚು ಕಚೇರಿಗಳನ್ನು ಕೇಳಿದವರು. ಅವರ ಮಾತಿಗೆ ಎದುರಾಡುವುದು ನನಗೆ ಹಿತವಾದ ಕೆಲಸವೇನೂ ಅಲ್ಲ. ಆದರೆ ಆ ಲೇಖನವನ್ನು ಯಾರೋ ಪುಣ್ಯಾತ್ಮರು ಫೋಟೋ ಹಿಡಿದು ಸಿಂಗಪುರದಲ್ಲಿರುವ ನನ್ನ ಮಗನಿಗೆ ಕಳಿಸಿದರು. ಅವನು ಅದನ್ನು ತನ್ನ ಮಗಳಿಗೆ ಓದಿ ಅರ್ಥ ಹೇಳಿದ. 'ನೋಡು, ನಮ್ಮ ಊರಿನ ವಿದ್ವಾಂಸರೂ ಇದನ್ನೇ ಹೇಳುತ್ತಾರೆ' ಎಂದ. ಆದ್ದರಿಂದ ನಾನು ಸುಮ್ಮನಿರುವಂತಿಲ್ಲ.

ಮಿತ್ರರ ಆಕ್ಷೇಪಣೆಗಳು ಮೂರು. ಮೂರು ಸಾವಿರ ವರ್ಷಗಳ ಪರಂಪರೆಯನ್ನು ಈಗಿನವರು ಪಶ್ಚಿಮದವರ ಗೊಂಬೆಯಾಟಕ್ಕೆ ಬಲಿಕೊಡುತ್ತಿದ್ದಾರೆ ಎಂಬುದು ಮೊದಲನೆಯದು. ರಾಗದ ಚೌಕಟ್ಟಿಲ್ಲದ ಮನೋಧರ್ಮ ಮನೋಧರ್ಮವೇ ಅಲ್ಲ, ಬರಿಯ ಸದ್ದು ಎಂಬುದು ಎರಡನೆಯದು. ವಾದ್ಯವನ್ನು ಅದಕ್ಕೆ ಹೇಳಿದ ರೀತಿಯಲ್ಲೇ ನುಡಿಸಬೇಕು, ಕಮಾನಿನಿಂದ ಉಜ್ಜುವುದೂ ಮರವನ್ನು ಕುಟ್ಟುವುದೂ ವಾದ್ಯಕ್ಕೆ ಮಾಡುವ ಅವಮಾನ ಎಂಬುದು ಮೂರನೆಯದು.

ಮಿತ್ರರು ಇದನ್ನೆಲ್ಲ ಬರೆದದ್ದು ಯಂತ್ರದಲ್ಲಿ ಹತ್ತು ನಿಮಿಷದ ತುಣುಕೊಂದನ್ನು ಕೇಳಿ. ನಾನು ಎದುರಿಗೆ ಕೂತು ಕೇಳಿದವನು. ಕಳೆದ ವರ್ಷ ನಾಲ್ಕು ತಿಂಗಳು ಮಗನ ಮನೆಯಲ್ಲಿದ್ದೆ. ಮೊಮ್ಮಗಳಿಗೆ ಹದಿನಾಲ್ಕು, ಅವಳು ಏಳು ವರ್ಷದಿಂದ ಗುಝೆಂಗ್ ಕಲಿಯುತ್ತಿದ್ದಳು. ಕನ್ನಡದ ಹುಡುಗಿಗೆ ಚೀನೀ ವಾದ್ಯವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಪಕ್ಕದ ಮನೆಯಲ್ಲಿ ಮೇಷ್ಟರಿದ್ದರು, ನಮ್ಮ ವೀಣೆಯ ಮೇಷ್ಟರು ಇರಲಿಲ್ಲ. ಆ ವೃದ್ಧ ಮೇಷ್ಟರು ಶಿಸ್ತಿನ ಮನುಷ್ಯ. ಅವರ ಶಿಷ್ಯರು ದರ್ಜೆಯ ಪರೀಕ್ಷೆಗಳಲ್ಲಿ ಸೋತದ್ದನ್ನು ಯಾರೂ ಕಂಡಿಲ್ಲವಂತೆ.

ಒಂದು ಸಂಜೆ ನಾವು ಮೂವರೂ ಒಂದು ಕಚೇರಿಗೆ ಹೋದೆವು. ಐವತ್ತು ಅರವತ್ತು ಕುರ್ಚಿಗಳ ಕೋಣೆ. ನುಡಿಸಲು ಬಂದವಳು ಮೂವತ್ತು ದಾಟಿರದ ಹೆಂಗಸು. ಮೊದಲು ಒಂದು ಹಳೆಯ ಧಾಟಿಯನ್ನು ನುಡಿಸಿದಳು; ಮೇಷ್ಟರು ತಲೆದೂಗಿದರು. ಆಮೇಲೆ ಬೆರಳುಗಳಿಗೆ ಪಟ್ಟಿ ಸುತ್ತಿ ಕಟ್ಟಿಕೊಂಡಿದ್ದ ಕೃತಕ ಉಗುರುಗಳನ್ನು ಒಂದೊಂದಾಗಿ ಬಿಚ್ಚಿಟ್ಟಳು. ಗುಝೆಂಗಿನ ಪ್ರತಿ ತಂತಿಗೂ ಒಂದೊಂದು ಕುದುರೆ. ಸಾಲಾಗಿ ಹಾರುವ ಕಾಡುಬಾತುಗಳಂತೆ ಕಾಣುತ್ತವೆಂದು ಚೀನೀಯರು ಅವನ್ನು ಬಾತಿನ ಕಂಬಗಳೆಂದು ಕರೆಯುತ್ತಾರೆ. ಅವುಗಳಲ್ಲೊಂದನ್ನು, ತಂತಿ ಇನ್ನೂ ನುಡಿಯುತ್ತಿರುವಾಗಲೇ, ಆಕೆ ಮೆಲ್ಲನೆ ಸರಿಸಿದಳು. ಸ್ವರ ಇಳಿಜಾರಿನಲ್ಲಿ ಹೊರಟ ಬಂಡಿಯಂತೆ ಜಾರಿತು. ತಂತಿಗಳ ನಡುವೆ ಕಾಗದದ ಚೂರು ಸಿಕ್ಕಿಸಿದಳು. ಕಮಾನು ತೆಗೆದುಕೊಂಡು ಕುದುರೆಯ ಎಡಗಡೆ ಉಜ್ಜಿದಳು. ಹನ್ನೆರಡು ನಿಮಿಷಕ್ಕೆ ಸರಿಯಾಗಿ ಮೇಷ್ಟರು ಎದ್ದು ಹೊರಟುಹೋದರು. ನಾನೂ ಗಡಿಯಾರ ನೋಡಿಕೊಂಡೆ, ಸುಳ್ಳೇಕೆ? ಮೊಮ್ಮಗಳು ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದಳು.

ಮೂರನೆಯ ಆಕ್ಷೇಪಣೆಯನ್ನು ಮೊದಲು ಮುಗಿಸಿಬಿಡುತ್ತೇನೆ; ಅದರಲ್ಲಿ ತಿರುಳಿಲ್ಲ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲಿನ ಎಳೆ ಸೇರಿಸಿ, ಅದನ್ನು 'ಜೀವಾಳ' ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಆ ಎಳೆಯನ್ನು ಮೊದಲು ಸಿಕ್ಕಿಸಿದವನಿಗೆ ಮನೆಯ ಹಿರಿಯರು ಏನೆಂದಿದ್ದರೋ! ಕಾಗದದ ಚೂರು ಅವಮಾನವಾದರೆ ನೂಲೂ ಅವಮಾನವೇ.

ಈಗ ಪರಂಪರೆಯ ಮಾತು. ಮೂರು ಸಾವಿರ ವರ್ಷವೆಂಬುದು ಗುಝೆಂಗಿನ ಅಣ್ಣನಾದ ಗುಚಿನ್ ವಾದ್ಯಕ್ಕೆ ಹೇಳುವ ಲೆಕ್ಕ. ಗುಝೆಂಗಿಗೆ ಎರಡು ಸಾವಿರಕ್ಕೆ ಮೇಲೆ ಎಂದರೆ ಸಾಕು. ಇರಲಿ, ವಯಸ್ಸಿನಲ್ಲಿ ಚೌಕಾಸಿ ಬೇಡ. ಆದರೆ ಮಿತ್ರರು ಯಾವ ಗುಝೆಂಗನ್ನು ಕಾಪಾಡಬೇಕೆನ್ನುತ್ತಾರೆ? ಇಂದು ಎಲ್ಲ ಅಂಗಡಿಗಳಲ್ಲಿ ಸಿಕ್ಕುವ, ನನ್ನ ಮೊಮ್ಮಗಳ ಕೋಣೆಯಲ್ಲಿರುವ, 21 ತಂತಿಗಳ ವಾದ್ಯವನ್ನೇ ತಾನೆ? ಅದು ರೂಪುಗೊಂಡದ್ದು 1960ರ ದಶಕದಲ್ಲಿ. ತಾಂಗ್ ಅರಸರ ಕಾಲದಲ್ಲಿ ಅದಕ್ಕೆ 13 ತಂತಿ. ನೂರು ವರ್ಷದ ಹಿಂದೆ 16. ಇಂದಿನ ತಂತಿ ಉಕ್ಕಿನದು, ಮೇಲೆ ನೈಲಾನ್ ಸುತ್ತು. ಹಿಂದೆ ರೇಷ್ಮೆಯ ತಂತಿಯೂ ಇತ್ತು, ಬರಿಯ ಲೋಹದ ತಂತಿಯೂ ಇತ್ತು. ಎರಡು ಕೈಗಳಿಂದಲೂ ಪಿಯಾನೋದಂತೆ ಸ್ವರಗಳನ್ನು ಸುರಿಸುವ ಪದ್ಧತಿ ಕಳೆದ ಶತಮಾನದ ಸಂಗೀತ ಶಾಲೆಗಳಲ್ಲಿ ಬೆಳೆದದ್ದು. ಮಿತ್ರರು ಕಣ್ಣೀರಿಡುತ್ತಿರುವ ಮುದುಕಿಗೆ ನನಗಿಂತ ಹೆಚ್ಚು ವಯಸ್ಸಾಗಿಲ್ಲ.

ಹಾಗಾದರೆ ಹಳೆಯದು ಯಾವುದು? ಈ ವಾದ್ಯವನ್ನು ಐದು ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ನಮ್ಮವರು ಕೇಳಿದರೆ ಮೋಹನವೆನ್ನುತ್ತಾರೆ. ಮಧ್ಯಮ ಬೇಕಾದರೆ ಗಾಂಧಾರದ ತಂತಿಯನ್ನು ಕುದುರೆಯ ಎಡಗಡೆ ಅದುಮಬೇಕು. ನಿಷಾದ ಬೇಕಾದರೆ ಧೈವತದ ತಂತಿಯನ್ನು. ಎಷ್ಟು ಅದುಮಬೇಕು? ಅಲ್ಲಿಯೇ ಇರುವುದು ಗುಟ್ಟು. ಚಾವ್‌ಝೌ ಪ್ರಾಂತದ ಹಳಬರು ಒಂದೇ ಧಾಟಿಯನ್ನು 'ಹಗುರ'ವಾಗಿಯೂ ನುಡಿಸುತ್ತಿದ್ದರು, 'ಭಾರ'ವಾಗಿಯೂ ನುಡಿಸುತ್ತಿದ್ದರು. ಅದುಮುವ ಬಗೆ ಬದಲಾದರೆ ಮದುವೆಮನೆಯ ಧಾಟಿ ಸಾವಿನ ಮನೆಯದಾಗುವಷ್ಟು ವ್ಯತ್ಯಾಸ. ಅವರ ಇನ್ನೊಂದು ಕ್ರಮದ ಹೆಸರು 'ಜೀವಂತ ಐದು'. ಆ ಸ್ವರ ಒಂದೆಡೆ ನಿಲ್ಲುವುದಿಲ್ಲ, ಬದುಕಿರುತ್ತದೆ ಎಂದು ಅರ್ಥ. ಅವರ ಲಿಪಿಯಲ್ಲಿ ಧಾಟಿಯ ಎಲುಬುಗೂಡು ಮಾತ್ರ ಇರುತ್ತಿತ್ತು. ಮಾಂಸ ತುಂಬುವುದು ನುಡಿಸುವವನ ಹೊಣೆ. ಇದಕ್ಕೆ 'ಹೂ ಸೇರಿಸುವುದು' ಎಂಬ ಚಂದದ ಹೆಸರೂ ಉಂಟು. ಇಂದು ಪರೀಕ್ಷೆಗೆ ಕೂರುವ ಮಗುವಿಗೆ ಹೂಗಳನ್ನು ಕೂಡ ಎಣಿಸಿ, ಅಚ್ಚುಮಾಡಿ ಕೊಡುತ್ತಾರೆ. ಒಂದು ಹೂ ಹೆಚ್ಚಾದರೆ ಅಂಕ ಕಡಿಮೆ.

ಅಣ್ಣ ಗುಚಿನ್ನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದರ ಲಿಪಿ ಯಾವ ತಂತಿ, ಯಾವ ಸ್ಥಾನ, ಯಾವ ಬೆರಳು, ಒಳಕ್ಕೆ ಮೀಟಬೇಕೋ ಹೊರಕ್ಕೋ ಎಂಬುದನ್ನೆಲ್ಲ ಹೇಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಕಾಲವನ್ನು ನುಡಿಸುವವನೇ ಕಂಡುಕೊಳ್ಳಬೇಕು. ಸಣ್ಣ ಕೃತಿಗೆ ಮೂರು ತಿಂಗಳು, ದೊಡ್ಡದಕ್ಕೆ ಮೂರು ವರ್ಷ ಎಂದು ಅವರಲ್ಲಿ ಗಾದೆಯಿದೆ.

1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಗಳಲ್ಲಿಟ್ಟು ಆಕಾಶಕ್ಕೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರರ ಭೈರವಿಯಿದೆ. ಮಿತ್ರರು ಅದನ್ನು ನೆನೆದು, ಮನೋಧರ್ಮವೆಂದರೆ ಅದು ಎಂದಿದ್ದಾರೆ. ಒಪ್ಪಿದೆ. ಆದರೆ ಅದೇ ತಟ್ಟೆಯಲ್ಲಿ ಗುವಾನ್ ಪಿಂಗ್‌ಹು ಎಂಬ ಮಹನೀಯರು ಗುಚಿನ್ನಿನಲ್ಲಿ ನುಡಿಸಿದ 'ಹರಿವ ನೀರು' ಕೂಡ ಇದೆ, ಭೈರವಿಯ ಎರಡರಷ್ಟು ಹೊತ್ತು. ಮಿತ್ರರು ಅದನ್ನು 'ಅಲುಗದ ಪರಂಪರೆ'ಗೆ ಉದಾಹರಣೆಯಾಗಿ ಹೆಸರಿಸಿದ್ದಾರೆ. ಸ್ವಾಮಿ, ಅದರಲ್ಲಿ ನೀರು ಬಂಡೆಗೆ ಅಪ್ಪಳಿಸಿ ಸುಳಿಯುವ ಭಾಗವೊಂದಿದೆಯಲ್ಲ, ತಂತಿಗಳ ಮೇಲೆ ಬೆರಳು ಅತ್ತಿಂದಿತ್ತ ಇತ್ತಿಂದತ್ತ ಉರುಳುವುದು, ಅದು 1425ರ ಸಂಗ್ರಹದಲ್ಲಿರುವ 'ಹರಿವ ನೀರಿ'ನಲ್ಲಿ ಇಲ್ಲ! ಹತ್ತೊಂಬತ್ತನೆಯ ಶತಮಾನದಲ್ಲಿ ಝಾಂಗ್ ಕೋಂಗ್‌ಶಾನ್ ಎಂಬಾತ ಸೇರಿಸಿದ್ದು. 1876ರ ಗ್ರಂಥದಲ್ಲಿ ಅಚ್ಚಾಯಿತು. ಅಂದೂ ಯಾರೋ ಒಬ್ಬರು ಹನ್ನೆರಡನೆಯ ನಿಮಿಷಕ್ಕೆ ಎದ್ದುಹೋಗಿರಬಹುದು. ನಕ್ಷತ್ರಗಳ ಕಡೆಗೆ ಹೋಗುತ್ತಿರುವುದು ಎದ್ದುಹೋದವರ ನೀರಲ್ಲ, ಸೇರಿಸಿದವನ ನೀರು.

ಬೇರೊಂದು ಮಾತೂ ನೆನಪಾಗುತ್ತದೆ. ಮೂರನೆಯ ಶತಮಾನದಲ್ಲಿ ಜಿ ಕಾಂಗ್ ಎಂಬ ಕವಿ ಇದ್ದ. ತಾನು ಬಲ್ಲ ಒಂದು ಕೃತಿಯನ್ನು, ಬೇಡಿದವನಿಗೂ ಕಲಿಸಲಿಲ್ಲ. ಮರಣದಂಡನೆಗೆ ಕರೆದೊಯ್ದಾಗ ಗುಚಿನ್ ತರಿಸಿ ಅದನ್ನು ಕೊನೆಯ ಸಲ ನುಡಿಸಿ, ಇನ್ನು ಇದು ಹೋಯಿತು ಎಂದು ಪೇಚಾಡಿಕೊಂಡನಂತೆ. ನಾಲ್ಕನೆಯ ಶತಮಾನದಿಂದ ಐದನೆಯದಕ್ಕೆ ಬದುಕಿದ್ದ ತಾವ್ ಯುವಾನ್‌ಮಿಂಗ್ ಎಂಬ ಇನ್ನೊಬ್ಬ ಕವಿ ತಂತಿಯೇ ಇಲ್ಲದ ಗುಚಿನ್ನನ್ನು ಇಟ್ಟುಕೊಂಡು ಅದರ ಮೇಲೆ ಕೈಯಾಡಿಸುತ್ತ ಕೂರುತ್ತಿದ್ದನಂತೆ. ಇಬ್ಬರೂ ಪರಂಪರೆಯವರೇ. ತಂತಿಯಿಲ್ಲದ ವಾದ್ಯವನ್ನು ತಲೆಯ ಮೇಲೆ ಹೊತ್ತುಕೊಂಡಿರುವ ಪರಂಪರೆಗೆ ಒಂದು ಕಮಾನು ಭಾರವಾಗುತ್ತದೆಯೆ? 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಈ ವಾದ್ಯವನ್ನು ಹಳೆಯ ಯಜಮಾನರ ವಾದ್ಯವೆಂದು ಹಳಿದು ಮೂಲೆಗೊತ್ತಿದರು, ಬದುಕಿತು. ಅದಕ್ಕೆ ಗಂಡಾಂತರ ಬಂದದ್ದು ನುಡಿಸಿದವರಿಂದಲ್ಲ.

ಇನ್ನು ಬಿರುಗಾಳಿಯ ಮಾತು. ಪಕ್ಕದ ಮನೆಯ ಮೇಷ್ಟರಿಗೆ ಅತ್ಯಂತ ಪ್ರಿಯವಾದ ಕೃತಿ 'ಬಿರುಗಾಳಿಯೊಡನೆ ಸೆಣಸು'. ವಾಂಗ್ ಚಾಂಗ್‌ಯುವಾನ್ ಎಂಬಾಕೆ ಇನ್ನೂ ಸಂಗೀತ ವಿದ್ಯಾರ್ಥಿನಿಯಾಗಿದ್ದಾಗ, ಶಾಂಘಾಯಿಯ ಬಂದರಿನಲ್ಲಿ ಕೂಲಿಗಳು ಚಂಡಮಾರುತಕ್ಕೆ ಎದೆಕೊಟ್ಟ ಬಗೆಯನ್ನು ಕುರಿತು 1965ರಲ್ಲಿ ರಚಿಸಿದ್ದು. ಗಾಳಿಯ ಆರ್ಭಟ ಬರುವಾಗ ಕುದುರೆಗಳ ಎಡಗಡೆ, ಶ್ರುತಿಯೇ ಇಲ್ಲದ ಕಡೆ, ತಂತಿಗಳನ್ನು ಬರಬರನೆ ಗೀರಬೇಕು. ಮೊಮ್ಮಗಳು ಅದನ್ನು ಅಭ್ಯಾಸ ಮಾಡುವಾಗ ನಾನು ಪಕ್ಕದಲ್ಲಿ ಕೂತಿದ್ದೇನೆ. ಮೇಷ್ಟರು 'ಇನ್ನೂ ಜೋರಾಗಿ ಗೀರು' ಎನ್ನುತ್ತಿದ್ದರು. ಅದೇ ಸದ್ದು ಕಾಗದದಲ್ಲಿ ಬರೆದಿದ್ದರೆ ಶಾಸ್ತ್ರೀಯ. ಬರೆಯದೆ ಬಂದರೆ ಅಪಚಾರ! ಆ ಕಚೇರಿಯ ಹೆಂಗಸು ಮಾಡಿದ ತಪ್ಪು ಸದ್ದು ಮಾಡಿದ್ದಲ್ಲ, ಅಪ್ಪಣೆಯಿಲ್ಲದೆ ಮಾಡಿದ್ದು.

ಎರಡನೆಯ ಆಕ್ಷೇಪಣೆಯ ಮುಂದೆ ನಾನು ಸ್ವಲ್ಪ ತಲೆ ತಗ್ಗಿಸುತ್ತೇನೆ. ಚೌಕಟ್ಟಿಲ್ಲದೆ ನುಡಿಸುತ್ತೇವೆನ್ನುವವರಲ್ಲಿ ಪೊಳ್ಳುಗಳು ಬೇಕಾದಷ್ಟಿವೆ. ಮೊದಲು ಮೌನ, ಆಮೇಲೆ ಕೆರೆತ, ಆಮೇಲೆ ಗದ್ದಲ, ಮತ್ತೆ ಮೌನ, ಕಣ್ಣುಮುಚ್ಚಿ ಒಂದು ನಿಟ್ಟುಸಿರು: ಇದೂ ಒಂದು ಸಿದ್ಧ ಅಚ್ಚು, ವರ್ಣ ಕೀರ್ತನೆಗಳಿಗಿಂತ ಸುಲಭದ ಅಚ್ಚು. ರೇಷ್ಮೆಯ ನಿಲುವಂಗಿ ತೊಡಿಸಿ, 'ಪ್ರಾಚೀನ ಪೂರ್ವದ ವಾದ್ಯ' ಎಂದು ಚೀಟಿ ಅಂಟಿಸಿ, ನಾಲ್ಕು ಮಂದಿ ಗದ್ದಲಗಾರರ ನಡುವೆ ಒಗ್ಗರಣೆಗೆ ಕೂರಿಸುವ ಉತ್ಸವಗಳೂ ಇವೆ. ಅವುಗಳ ಪರವಾಗಿ ನಾನು ವಕಾಲತ್ತು ಹಿಡಿದಿಲ್ಲ. ಆದರೆ ಷು ಫೆಂಗ್‌ಶಿಯಾ ಎಂಬಾಕೆಯನ್ನು ನೋಡಿ. ಶಾಂಘಾಯಿಯ ಸಂಗೀತ ಶಾಲೆಯಲ್ಲಿ ಕಲಿತು ಜರ್ಮನಿಗೆ ಹೋಗಿ ನೆಲೆಸಿ, ಪೀಟರ್ ಕೊವಾಲ್ಡ್ ಎಂಬ ದೊಡ್ಡ ಪಿಟೀಲಿನವನ ಜೊತೆ ಗುಝೆಂಗ್ ಇಟ್ಟುಕೊಂಡು ಪೂರ್ವಸಿದ್ಧತೆಯಿಲ್ಲದೆ ನುಡಿಸಿದಾಕೆ; ನಡುವೆ ದನಿಯೆತ್ತಿ ಹಾಡುತ್ತಾಳೆ ಕೂಡ. ಬೀಜಿಂಗಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವು ಫೇ ಇದ್ದಾಳೆ. ಗುಚಿನ್ನಿನಲ್ಲಿ ವು ನಾ ಇದ್ದಾಳೆ. ಇವರ ಎಡಗೈ ತಂತಿಯನ್ನು ಅದುಮುವುದನ್ನು ಕೇಳಿದರೆ, ಬಿಟ್ಟುಬಂದ ಮನೆಯ ಬೀಗದ ಕೈ ಸೊಂಟದಲ್ಲಿದೆ ಎಂಬುದು ಗೊತ್ತಾಗುತ್ತದೆ. ಚೌಕಟ್ಟು ರಾಗವೇ ಆಗಬೇಕೆಂದು ಯಾರು ಹೇಳಿದರು? ಆ ಸಂಜೆಯ ಹೆಂಗಸು ಕುದುರೆಯನ್ನು ಸರಿಸುತ್ತ ಸರಿಸುತ್ತ ಐದು ಸ್ವರಗಳ ಶ್ರುತಿಯನ್ನು ಒಂದೊಂದೇ ತಂತಿಯಾಗಿ ಕೆಡಿಸಿದಳು. ಕೊನೆಗೆ ಮೊದಲು ನುಡಿಸಿದ ಅದೇ ಹಳೆಯ ಧಾಟಿಯನ್ನು ಆ ಕೆಟ್ಟ ಶ್ರುತಿಯಲ್ಲಿ ನುಡಿಸಿದಳು. ಗುರುತು ಸಿಕ್ಕಿತು, ಸಿಕ್ಕಲಿಲ್ಲ. ವರ್ಷಗಳ ಮೇಲೆ ಊರಿಗೆ ಹೋದವನಿಗೆ ತನ್ನ ಬೀದಿ ಕಂಡ ಹಾಗೆ. ಮೇಷ್ಟರು ಅಷ್ಟು ಹೊತ್ತಿಗೆ ಬಸ್ಸಿನಲ್ಲಿದ್ದರು. ಮಿತ್ರರು ಕೇಳಿದ ತುಣುಕಿನಲ್ಲಿಯೂ ಹತ್ತು ನಿಮಿಷವಾದ ಮೇಲೆ ಏನಿತ್ತೋ ಅವರಿಗೆ ಗೊತ್ತಿಲ್ಲ.

ಆ ರಾತ್ರಿಯೇ ಮೊಮ್ಮಗಳು ತನ್ನ ವಾದ್ಯದ ಎರಡು ಕುದುರೆಗಳನ್ನು ಸರಿಸಿ ಏನನ್ನೋ ಹುಡುಕತೊಡಗಿದಳು. ಮಧ್ಯರಾತ್ರಿಯವರೆಗೆ ಬಿಡಲಿಲ್ಲ. ಏಳು ವರ್ಷದಲ್ಲಿ ಅಪ್ಪ ಅಮ್ಮ ಹೇಳದೆ ಅವಳು ವಾದ್ಯದ ಮುಂದೆ ಕೂತದ್ದು ಅದೇ ಮೊದಲು ಎಂದು ಸೊಸೆ ಹೇಳಿದಳು. ಮುಂದಿನ ಪಾಠದ ದಿನ ಮೇಷ್ಟರು ಕುದುರೆಗಳು ಜಾಗ ಬಿಟ್ಟಿರುವುದನ್ನು ಕಂಡು, ಇದು ನಿಲ್ಲದಿದ್ದರೆ ಬೇರೆ ಗುರುವನ್ನು ನೋಡಿಕೊಳ್ಳಿ ಎಂದರು. ಪರೀಕ್ಷೆ ಹತ್ತಿರವಿತ್ತು. ಆದರೂ ನಾನು ಹೊರಡುವವರೆಗೆ, ಪಾಠವಿಲ್ಲದ ರಾತ್ರಿಗಳಲ್ಲಿ, ಅವಳು ಕದ್ದು ಸರಿಸುತ್ತಿದ್ದಳು. ಬೆಳಿಗ್ಗೆ ಮತ್ತೆ ಸೀಸದ ಕಡ್ಡಿಯ ಗುರುತಿಗೆ ತಂದಿಡುತ್ತಿದ್ದಳು. ಮಿತ್ರರ ಲೇಖನ ತಲುಪಿದ ಮೇಲೆ ಅದೂ ನಿಂತಿತು.

ಮೊನ್ನೆ ಮಗ ತಿಳಿಸಿದ: ಪರೀಕ್ಷೆ ಮುಗಿಯಿತು, ಉತ್ತಮ ದರ್ಜೆಯಲ್ಲಿ ತೇರ್ಗಡೆ. ವಾದ್ಯಕ್ಕೆ ಗವುಸು ಹಾಕಿ ಗೋಡೆಗೆ ಒರಗಿಸಿದ್ದಾರಂತೆ. ಇನ್ನು ಸಾಕು, ಓದು ಹೆಚ್ಚಾಯಿತು ಎಂದು ಅವಳೇ ಹೇಳಿದಳಂತೆ. ಗವುಸು ತೆಗೆದು ಆ ಎರಡು ಕುದುರೆಗಳನ್ನು ಎಲ್ಲಿಟ್ಟಿದ್ದೆ ಎಂದು ನನಗೆ ತೋರಿಸು ಎಂದು ನಾನು ಅವಳಿಗೆ ಬೇರೆಯಾಗಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.