ರಜೆ ಇಲ್ಲವೆನ್ನುವುದಾದರೆ ಬರೆದು ಕೊಡಿ

ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಕಾರ್ಮಿಕ ಒಬ್ಬ. ಅದೇ ಲಕಮನಹಳ್ಳಿ ನಿಲ್ದಾಣದಲ್ಲಿ ಚಿಗರಿ ಬಸ್ ಹತ್ತಿ ಧಾರವಾಡದ ಸರ್ಕಾರಿ ಕಚೇರಿಗೆ ಹೋಗುವ ದ್ವಿತೀಯ ದರ್ಜೆ ಸಹಾಯಕ ಇನ್ನೊಬ್ಬ. ರಜೆಯ ವಿಷಯದಲ್ಲಿ ಇಬ್ಬರಲ್ಲಿ ಯಾರು ಸುಖಿ ಎಂದು ಕೇಳಿದರೆ ಎಲ್ಲರೂ ಸರ್ಕಾರಿ ನೌಕರನ ಕಡೆಗೇ ಬೆರಳು ತೋರಿಸುತ್ತಾರೆ. ದಿನಗಳನ್ನಷ್ಟೇ ಎಣಿಸಿದರೆ ಅದು ಸರಿ. ಸಹಾಯಕನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಜಮೆಯಾಗುತ್ತದೆ, ಕಾರ್ಮಿಕನಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಮಾತ್ರ. ಆದರೆ ಕೇಳಿದ ರಜೆಯನ್ನು ಕೊಡದೇ ಹೋದಾಗ ಏನಾಗುತ್ತದೆ ಎಂದು ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಕಾರ್ಮಿಕ ಅರ್ಜಿ ಕೊಟ್ಟೂ ಮಾಲೀಕ ರಜೆ ಕೊಡದಿದ್ದರೆ ಆ ದಿನಗಳನ್ನು ಯಾವ ಮಿತಿಯೂ ಇಲ್ಲದೆ ಮುಂದಿನ ವರ್ಷಕ್ಕೆ ಒಯ್ಯಬಹುದು ಎಂದು 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮು ಹೇಳಿತ್ತು. ಕಾಯಿಲೆಯ ಸಲುವಾಗಿ ಕೇಳಿದ ರಜೆಯನ್ನು ಗಡುವು ಮೀರಿ ಕೇಳಿದರೂ ಕೊಡಬೇಕು ಎಂಬ ಮಾತೂ ಅಲ್ಲೇ ಇತ್ತು. ಸರ್ಕಾರಿ ನೌಕರನ ಗಳಿಕೆ ರಜೆ 300 ದಿನ ಮುಟ್ಟಿತೆಂದರೆ ಮುಂದಿನ ಜಮೆ ಬಳಸದೇ ಉಳಿದಷ್ಟೂ ಲ್ಯಾಪ್ಸ್. ಅವನು ರಜೆ ಕೇಳಿರಲಿಲ್ಲವೋ, ಕೇಳಿದರೂ ಕೊಟ್ಟಿರಲಿಲ್ಲವೋ, ಲೆಕ್ಕಕ್ಕೆ ಎರಡೂ ಒಂದೇ. ಖಾಸಗಿ ಮಾಲೀಕನಿಗೆ ಹಾಕಿದ ಕಟ್ಟನ್ನು ಸರ್ಕಾರ ತನಗೆ ತಾನು ಹಾಕಿಕೊಂಡಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ನೌಕರರಿಗೆ ಇನ್ನಷ್ಟು ರಜೆ ಬೇಕೆಂದು ನಾನು ವಾದಿಸುತ್ತಿಲ್ಲ. ಇರುವ ರಜೆಯನ್ನು ಕೇಳಿದಾಗ ಗಡುವಿನೊಳಗೆ ಉತ್ತರ ಬರಬೇಕು, ಇಲ್ಲ ಎನ್ನುವುದಾದರೆ ಕಾರಣ ಬರಹದಲ್ಲಿ ಬರಬೇಕು. ಕೇಳುತ್ತಿರುವುದು ಅಷ್ಟನ್ನೇ.

‘ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ’ ಎಂಬ ವಾಕ್ಯ ಸರ್ಕಾರಿ ಕಚೇರಿಗಳಲ್ಲಿ ಬಾಯಿಪಾಠವಾಗಿದೆ. 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ಈ ತತ್ವ ಇರುವುದು ನಿಜ. ಸಾರ್ವಜನಿಕ ಸೇವೆಯ ಅಗತ್ಯ ಬಿದ್ದಾಗ ಮಂಜೂರಾತಿ ಅಧಿಕಾರಿ ರಜೆಯನ್ನು ನಿರಾಕರಿಸಬಹುದು, ಕೊಟ್ಟ ರಜೆಯನ್ನು ಹಿಂಪಡೆಯಲೂಬಹುದು. ನೆರೆ ಬಂದಾಗ, ಚುನಾವಣೆ ನಡೆದಾಗ, ಸಾಂಕ್ರಾಮಿಕ ರೋಗ ಹರಡಿದಾಗ ಇಂಥ ಅಧಿಕಾರ ಬೇಕೇ ಬೇಕು. ಆದರೆ ಆ ಮಾತಿನ ಎರಡನೇ ಅರ್ಧವನ್ನು ಬಹಳ ಜನ ಮರೆತಿದ್ದಾರೆ. ನಿರಾಕರಣೆಗೆ ಆಧಾರ ಸಾರ್ವಜನಿಕ ಸೇವೆಯ ಅಗತ್ಯವೇ ಹೊರತು ಅಧಿಕಾರಿಯ ಮನಸ್ಸು ಅಲ್ಲ. ಅಗತ್ಯ ನಿಜವಾಗಿ ಇದ್ದರೆ ಅದನ್ನು ಎರಡು ಸಾಲಿನಲ್ಲಿ ಬರೆಯಲು ಯಾವ ಅಡ್ಡಿಯೂ ಇರಬಾರದು. ಕೇಂದ್ರ ಸರ್ಕಾರದ 1972ರ ರಜೆ ನಿಯಮಗಳು ಇದೇ ತತ್ವದ ಪಕ್ಕದಲ್ಲೇ ಇನ್ನೊಂದು ಕಟ್ಟಳೆಯನ್ನು ಇಟ್ಟಿವೆ. ನೌಕರ ಕೇಳಿದ ರಜೆ ಅವನ ಖಾತೆಯಲ್ಲಿದ್ದರೆ, ಅವನೇ ಬರೆದು ಕೇಳದ ಹೊರತು ಆ ರಜೆಯ ಬಗೆಯನ್ನು ಅಧಿಕಾರಿ ಬದಲಿಸುವಂತಿಲ್ಲ. ಹಕ್ಕಲ್ಲ ಎಂದಮಾತ್ರಕ್ಕೆ ಅದು ಮೇಲಿನವರ ಕೃಪೆ ಎಂದಾಗುವುದಿಲ್ಲ ಎಂಬುದಕ್ಕೆ ನಿಯಮದೊಳಗೇ ಸಾಕ್ಷಿ ಇದೆ.

ರಜೆ ಚೀಟಿ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು. ಅರ್ಜಿ ಟಪಾಲಿಗೆ ಬೀಳುತ್ತದೆ, ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ. ಅವರು ಸೇವಾ ಪುಸ್ತಕ ತೆಗೆದು ರಜೆ ಲೆಕ್ಕ ನೋಡಿ ಟಿಪ್ಪಣಿ ಬರೆಯುತ್ತಾರೆ, ಅಧೀಕ್ಷಕರು ಸಹಿ ಮಾಡುತ್ತಾರೆ, ಕಡತ ಸಾಹೇಬರ ಬಳಿಗೆ ಹೋಗುತ್ತದೆ. ಅಲ್ಲಿ ‘ಮಂಜೂರು’ ಎಂದೋ ‘ತಿರಸ್ಕೃತ’ ಎಂದೋ ಬರೆದರೆ ತಂಟೆಯೇ ಇಲ್ಲ. ಎಷ್ಟೋ ಕಡತಗಳು ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಕೆಳಗಿಳಿಯುತ್ತವೆ. ಚರ್ಚೆ ಯಾವಾಗ, ಯಾರ ಜೊತೆ ಎಂಬುದಕ್ಕೆ ದಿನಾಂಕವಿಲ್ಲ. ಈಗ ಕಡತ ಇ-ಆಫೀಸ್‌ನಲ್ಲಿ ಓಡಾಡುತ್ತದೆ, ಆದರೂ ಆ ಪದ ಅಲ್ಲಿಗೂ ಬಂದಿದೆ. ಇತ್ತ ಮಗಳ ಮದುವೆಯ ದಿನ ಬರುತ್ತದೆ, ತಾಯಿಯ ಶಸ್ತ್ರಚಿಕಿತ್ಸೆಯ ತಾರೀಖು ಬರುತ್ತದೆ. ‘ಹೋಗಿ ಬರ್ರಿ, ಆಮೇಲೆ ನೋಡೋಣ’ ಎಂಬ ಬಾಯಿಮಾತಿನ ಮೇಲೆ ನೌಕರ ಹೋಗುತ್ತಾನೆ. ತಿಂಗಳು ಕಳೆದು ಸಾಹೇಬರು ವರ್ಗವಾದರೆ ಆ ಬಾಯಿಮಾತಿಗೆ ಸಾಕ್ಷಿ ಯಾರು? ಮಂಜೂರಾತಿ ಆದೇಶವಿಲ್ಲದ ಆ ದಿನಗಳು ಅನಧಿಕೃತ ಗೈರುಹಾಜರಿ ಎಂಬ ಪಟ್ಟಿಗೆ ಸೇರುತ್ತವೆ. ಆ ಅವಧಿಯ ಸಂಬಳಕ್ಕೆ ತಡೆ ಬೀಳುತ್ತದೆ. ಅದನ್ನು ಅಸಾಧಾರಣ ರಜೆ ಎಂದು ಕ್ರಮಬದ್ಧಗೊಳಿಸಿದರೆ, ವೈದ್ಯಕೀಯ ಕಾರಣ ಇಲ್ಲದಿದ್ದಲ್ಲಿ ವಾರ್ಷಿಕ ವೇತನ ಬಡ್ತಿಯೂ ಮುಂದಕ್ಕೆ ಹೋಗುತ್ತದೆ. ಯಾರೂ ಕ್ರಮಬದ್ಧಗೊಳಿಸದೆ ಬಿಟ್ಟರೆ ನಿವೃತ್ತಿಯ ಹೊತ್ತಿಗೆ, ಪಿಂಚಣಿ ಕಾಗದಪತ್ರ ಸಿದ್ಧಪಡಿಸುವಾಗ, ಇಪ್ಪತ್ತು ವರ್ಷದ ಹಿಂದಿನ ಆ ಎಂಟು ದಿನ ಆಕ್ಷೇಪಣೆಯಾಗಿ ಮೇಲೇಳುತ್ತದೆ. ಒಬ್ಬರು ಬರೆಯದೇ ಬಿಟ್ಟ ಒಂದು ಸಾಲಿಗೆ ಇನ್ನೊಬ್ಬರ ಮುಪ್ಪು ದಂಡ ತೆರುತ್ತದೆ.

ನ್ಯಾಯಾಲಯಗಳು ಈ ಅನ್ಯಾಯವನ್ನು ಗುರುತಿಸಿವೆ. ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಅನುಮತಿಯಿಲ್ಲದ ಗೈರುಹಾಜರಿಯೆಲ್ಲ ಕರ್ತವ್ಯಲೋಪವಲ್ಲ, ಅದು ಉದ್ದೇಶಪೂರ್ವಕ ಎಂದು ಇಲಾಖೆ ಸಾಬೀತು ಮಾಡಬೇಕು ಎಂದಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪ್ರಕರಣವನ್ನೂ ಅದು ತೀರ್ಮಾನಿಸಿತು. ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಎರಡನೇ ಮದುವೆಯ ಹೆರಿಗೆಗೆ ಅವರಿಗೆ ರಜೆ ನಿರಾಕರಿಸಲಾಗಿತ್ತು. ಹೆರಿಗೆ ರಜೆ ಮಹಿಳೆಯ ಸಂತಾನ ಹಕ್ಕಿನ ಭಾಗ ಎಂದು ಹೇಳಿ ನ್ಯಾಯಾಲಯ ಆ ನಿರಾಕರಣೆಯನ್ನು ರದ್ದು ಮಾಡಿತು. ನಮ್ಮಲ್ಲೂ 180 ದಿನಗಳ ಹೆರಿಗೆ ರಜೆಗೆ ಇಬ್ಬರು ಮಕ್ಕಳ ಮಿತಿ ಇದೆ, ಹಾಗಾಗಿ ಈ ತೀರ್ಪು ನಮ್ಮ ಇಲಾಖೆಗಳಿಗೂ ಪಾಠ. ಆದರೆ ದೆಹಲಿಯವರೆಗೆ ಹೋಗಿ ಗೆಲ್ಲುವ ತ್ರಾಣ ಎಷ್ಟು ಜನರಿಗಿದೆ? ರಜೆ ಬೇಕಾದ ದಿನ ಎಂದೋ ಕಳೆದಿರುತ್ತದೆ.

ನನ್ನ ಬೇಡಿಕೆಗೆ ಬರುವ ಮೊದಲ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಹಣಿ ತಿದ್ದುಪಡಿಗೆ, ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಬಂದ ರೈತನಿಗೆ ‘ಅವರು ರಜೆ ಮೇಲಿದ್ದಾರೆ’ ಎಂಬ ಉತ್ತರ ಸಿಕ್ಕರೆ ಅವನ ಒಂದು ದಿನದ ದುಡಿಮೆ ಹಾಳು. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತಂದು ಮನೆಯಲ್ಲಿ ಕೂರುವವರೂ ಇದ್ದಾರೆ. ಇದು ನಿಜ, ಇದರ ಮೇಲಿನ ಸಿಟ್ಟೂ ನ್ಯಾಯವಾದದ್ದೇ. ಆದರೆ ರೈತ ಬರಿಗೈಯಲ್ಲಿ ಮರಳುವುದು ಒಬ್ಬ ನೌಕರ ರಜೆ ಹಾಕಿದ್ದಕ್ಕಲ್ಲ, ಅವನ ಜಾಗದಲ್ಲಿ ಕೂರಲು ಇನ್ನೊಬ್ಬ ಇಲ್ಲದ್ದಕ್ಕೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ. ನೇಮಕಾತಿ ಮಾಡಿ ಎಂದು 2025ರಲ್ಲಿ ಇದೇ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಸಾವಿರಾರು ಅಭ್ಯರ್ಥಿಗಳು ಬೀದಿಗಿಳಿದರು. ಮೂರು ಜನರ ಕೆಲಸವನ್ನು ಇಬ್ಬರ ಮೇಲೆ ಹೇರಿ, ಪ್ರಭಾರದ ಮೇಲೆ ಪ್ರಭಾರ ಕೊಟ್ಟು, ಆಮೇಲೆ ಆ ಇಬ್ಬರಿಗೂ ರಜೆ ಇಲ್ಲ ಎನ್ನುವುದು ಖಾಲಿ ಹುದ್ದೆಯ ಭಾರವನ್ನು ಯಾರ ಬೆನ್ನಿಗೆ ಕಟ್ಟಿದಂತೆ? ಸುಳ್ಳು ಪ್ರಮಾಣಪತ್ರದ ವಿಷಯಕ್ಕೂ ಒಂದು ಮಾತು ಹೇಳಬೇಕು. ನ್ಯಾಯವಾಗಿ ಕೇಳಿದ ಗಳಿಕೆ ರಜೆ ಸಿಗುವ ಭರವಸೆ ಇಲ್ಲದ ಕಡೆ ಪ್ರಾಮಾಣಿಕ ನೌಕರನೂ ವೈದ್ಯರ ಚೀಟಿಯ ದಾರಿ ಹಿಡಿಯುತ್ತಾನೆ. ಕಾಯಿಲೆಗೆ ಬಹುತೇಕ ಯಾರೂ ಇಲ್ಲ ಎನ್ನುವುದಿಲ್ಲವಲ್ಲ.

ಎರಡನೇ ಆಕ್ಷೇಪ ಸರ್ಕಾರಿ ರಜೆಗಳ ಸಂಖ್ಯೆಯದು. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಹಬ್ಬ, ಜಯಂತಿ, ಇವೆಲ್ಲದರ ಮೇಲೆ ಮತ್ತೆ ರಜೆಯ ಮಾತೇ ಎಂದು ಖಾಸಗಿ ಕಂಪನಿಯಲ್ಲಿ ದುಡಿಯುವವರು ಕೇಳುವುದು ಸಹಜ. ಇಲ್ಲಿ ಎರಡು ಬೇರೆ ವಿಷಯ ಒಂದರೊಳಗೊಂದು ಬೆರೆತುಹೋಗಿವೆ. ಸಾರ್ವತ್ರಿಕ ರಜೆ ಕಚೇರಿಗೆ ಬಾಗಿಲು ಹಾಕುವ ದಿನ. ಅದು ಹೆಚ್ಚಾಯಿತೋ ಇಲ್ಲವೋ ಎಂಬ ಚರ್ಚೆ ಬೇಕಾದರೆ ಆಗಲಿ, ಅದರಲ್ಲಿ ನಾನು ಜನರ ಪರವೇ. ನೌಕರನ ಸ್ವಂತ ರಜೆ ಬೇರೆ, ಅದು ಅವನ ಮನೆಯಲ್ಲಿ ಸಾವು ನೋವು ಬಂದ ದಿನಕ್ಕೆ. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜೆಯೆಂದು ಘೋಷಿಸಿದಾಗ ಸರ್ಕಾರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಎಲ್ಲರಿಗೂ ಒಂದೇ ದಿನ ಬಿಡುವು ಕೊಟ್ಟು, ಅವರವರಿಗೆ ಬೇಕಾದಾಗ ಸಿಗುತ್ತಿದ್ದ ಐದು ದಿನಗಳನ್ನು ಕಿತ್ತುಕೊಂಡಂತಾಯಿತು. ಅವ್ವನನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ತೋರಿಸಬೇಕಾದವನಿಗೆ ನಾಲ್ಕನೇ ಶನಿವಾರದಿಂದ ಏನು ಉಪಯೋಗ?

ನಿಯಮ ಗೊತ್ತಿಲ್ಲದಿರುವುದು ಈ ಅಸಹಾಯಕತೆಯನ್ನು ಇಮ್ಮಡಿಸುತ್ತದೆ. ಎಲ್ಲರೂ ಮೆಡಿಕಲ್ ಲೀವ್ ಎನ್ನುತ್ತಾರೆ, ಆದರೆ ವರ್ಷಕ್ಕೆ 20 ದಿನ ಜಮೆಯಾಗುವ ಅರ್ಧ ವೇತನ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪೂರ್ಣ ವೇತನಕ್ಕೆ ಪರಿವರ್ತಿಸಿಕೊಳ್ಳುವುದು ಅಸಲು ವ್ಯವಸ್ಥೆ. ಹತ್ತು ದಿನ ಮಲಗಿದರೆ ಖಾತೆಯಿಂದ ಇಪ್ಪತ್ತು ದಿನ ಹೋಗುತ್ತದೆ. ಇದು ಗೊತ್ತಿಲ್ಲದವರು ಜ್ವರಕ್ಕೆ ಹಾಕಿ ಹಾಕಿ ಖಾತೆ ಬರಿದು ಮಾಡಿಕೊಂಡು, ದೊಡ್ಡ ಕಾಯಿಲೆ ಬಂದಾಗ ಸಂಬಳವಿಲ್ಲದ ರಜೆಗೆ ಬೀಳುತ್ತಾರೆ. ಸಾಂದರ್ಭಿಕ ರಜೆಯ ನಡುವೆ ಬಂದ ಭಾನುವಾರ ಲೆಕ್ಕಕ್ಕಿಲ್ಲ, ಗಳಿಕೆ ರಜೆಯ ನಡುವೆ ಬಂದದ್ದು ಲೆಕ್ಕಕ್ಕಿದೆ. ಇವೆರಡನ್ನೂ ಜೋಡಿಸಿ ಹಾಕುವಂತಿಲ್ಲ. ಇಂಥವನ್ನೆಲ್ಲ ಕೆಪಿಎಸ್‌ಸಿಯ ಇಲಾಖಾ ಪರೀಕ್ಷೆಗೆ ಓದಿದವರೂ ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಸಿಬ್ಬಂದಿ ಶಾಖೆಯ ಒಬ್ಬ ಗುಮಾಸ್ತನ ತಲೆಯಲ್ಲಿ ಮಾತ್ರ ಉಳಿಯುವ ನಿಯಮ ಆ ಗುಮಾಸ್ತನಿಗೆ ಸಲ್ಲದ ಅಧಿಕಾರ ಕೊಡುತ್ತದೆ. ಜನವರಿ 1 ಮತ್ತು ಜುಲೈ 1ಕ್ಕೆ ತಲಾ 15 ದಿನ ಗಳಿಕೆ ರಜೆ ಜಮೆಯಾಗುತ್ತದಷ್ಟೆ. ಅದೇ ದಿನ ಪ್ರತಿ ನೌಕರನ ಕೈಗೂ ಅವನ ರಜೆ ಲೆಕ್ಕ ಕನ್ನಡದಲ್ಲಿ ಒಂದು ಹಾಳೆಯಾಗಿ ಸಿಗಲಿ.

ಶಿಕ್ಷಕರ ಸ್ಥಿತಿಯನ್ನು ಧಾರವಾಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಇದು ಶಿಕ್ಷಕರ ಊರು. ಬೇಸಿಗೆ ಮತ್ತು ದಸರಾ ರಜೆ ಇದೆಯೆಂದು ಅವರಿಗೆ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ. 2025ರ ದಸರೆಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಅವರು ರಜೆಯಲ್ಲೇ ಮನೆ ಮನೆ ತಿರುಗಿದರು. ರಜೆಯಲ್ಲಿ ದುಡಿಸಿಕೊಂಡರೆ ಅದಕ್ಕೆ ತಕ್ಕ ಪ್ರಮಾಣದಲ್ಲಿ ಗಳಿಕೆ ರಜೆ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಅದು ಸೇವಾ ಪುಸ್ತಕಕ್ಕೆ ಏರಬೇಕಾದರೆ ಮಾತ್ರ ಆದೇಶ, ದೃಢೀಕರಣ, ಮತ್ತೆ ಅದೇ ಮೇಜುಗಳ ಸುತ್ತು. ದುಡಿಸಿಕೊಳ್ಳುವ ಆದೇಶದಲ್ಲೇ ರಜೆ ಜಮೆಯ ಸಾಲನ್ನೂ ಬರೆದುಬಿಟ್ಟರೆ ಯಾರೂ ಅಲೆಯಬೇಕಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ದಾರಿ ಸರಳ ಎಂಬುದಕ್ಕೆ 2025ರ ಕೊನೆಯಲ್ಲಿ ಬಂದ ಋತುಚಕ್ರ ರಜೆಯೇ ನಿದರ್ಶನ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ, ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಹೆಣ್ಣುಮಗಳ ಮಾತನ್ನು ನಂಬುತ್ತೇವೆ ಎಂದು ಸರ್ಕಾರ ಬರೆದುಕೊಟ್ಟಂತಾಯಿತು, ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಅದೇ ನಂಬಿಕೆ ಶಿಶುಪಾಲನಾ ರಜೆಗೂ ಬರಲಿ. 2021ರಿಂದ ರಾಜ್ಯದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 180 ದಿನ ಈ ರಜೆ ಇದೆ. ಹುಬ್ಬಳ್ಳಿಯ ಅಂಚೆ ಕಚೇರಿಯಲ್ಲಿರುವ ಕೇಂದ್ರ ನೌಕರಳಿಗೆ 730 ದಿನ. ಮಕ್ಕಳು ಒಂದೇ ಶಾಲೆಯಲ್ಲಿ ಓದುತ್ತಿರಬಹುದು, ಪರೀಕ್ಷೆಯ ವೇಳೆ ಮಗ್ಗುಲಲ್ಲಿ ಕೂರುವ ಅವಕಾಶ ಮಾತ್ರ ಒಬ್ಬ ತಾಯಿಗೆ ಹೆಚ್ಚು, ಇನ್ನೊಬ್ಬಳಿಗೆ ಕಡಿಮೆ.

ಗಡುವು ಹಾಕಿದರೆ ಆಡಳಿತ ಕುಸಿಯುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ನಾಗರಿಕರಿಗೆ ಇಂತಿಷ್ಟು ದಿನದಲ್ಲಿ ಸೇವೆ ಎಂದು 2011ರಲ್ಲಿ ಸಕಾಲ ಕಾಯ್ದೆ ತಂದ ರಾಜ್ಯ ಇದು. ಅದೇ ಶಿಸ್ತನ್ನು ಎಲ್ಲ ಇಲಾಖೆಗಳ ರಜೆ ಅರ್ಜಿಗೂ ಒಂದೇ ಸಮನಾಗಿ ತರಬಹುದು. ಹದಿನೈದು ದಿನ ಮುಂಚೆ ಕೊಟ್ಟ ಗಳಿಕೆ ರಜೆ ಅರ್ಜಿಗೆ ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಮಂಜೂರು ಎಂದೇ ತಿಳಿಯಬೇಕು. ಸೇವೆಯ ಅಗತ್ಯಕ್ಕೆಂದು ಬರಹದಲ್ಲಿ ನಿರಾಕರಿಸಿದ ದಿನಗಳು 300ರ ಮಿತಿಯ ಆಚೆಗೂ ಖಾತೆಯಲ್ಲಿ ಉಳಿಯಬೇಕು. ಇದರಿಂದ ಅಧಿಕಾರಿಯ ನಿರಾಕರಿಸುವ ಅಧಿಕಾರ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಉತ್ತರಿಸದೇ ಕೂರುವ ಸ್ವಾತಂತ್ರ್ಯ ಮಾತ್ರ ಹೋಗುತ್ತದೆ. ಅದನ್ನು ಹಾಗೇ ಬಿಟ್ಟರೆ ಏನಾಗುತ್ತದೆಂದು 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಕಂಡಿದ್ದೇವೆ. ಮುಷ್ಕರ ಹೂಡುವಂತಿಲ್ಲದ ಜನ ರಜೆ ಚೀಟಿಯನ್ನೇ ಎತ್ತಿ ಹಿಡಿದರು. ಅವರ ಬೇಡಿಕೆಗಳಲ್ಲಿ ಸಂಬಳದ ಜೊತೆ ವಾರದ ರಜೆಯೂ ಇತ್ತು, ಸರ್ಕಾರ ಎಸ್ಮಾ ಹೊರಗೆಳೆಯಬೇಕಾಯಿತು.

ಇಷ್ಟೆಲ್ಲ ಹೇಳಿದ್ದು ಕಾಯಂ ನೌಕರರ ಮಾತಾಯಿತು. ಅದೇ ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಮಾಡುವ ಹುಡುಗಿಗೆ, ಚಾಲಕನಿಗೆ, ಕಸ ಗುಡಿಸುವ ಅಕ್ಕನಿಗೆ ಯಾವ ಸೇವಾ ಪುಸ್ತಕವೂ ಇಲ್ಲ. ಹಾಜರಿ ಹಾಕಿಸಿಕೊಳ್ಳುವುದು ಕಚೇರಿ, ಸಂಬಳ ಕೊಡುವುದು ಏಜೆನ್ಸಿ. ರಜೆ ಕೇಳಿದರೆ ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ. ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದಲ್ಲಿ. ಕಾಲು ಶತಮಾನ ಕಳೆಯಿತು. ಏಜೆನ್ಸಿಗೆ ಟೆಂಡರ್ ಕರೆಯುವಾಗ ಇಲಾಖೆಗಳು ಇಎಸ್‌ಐ, ಭವಿಷ್ಯ ನಿಧಿ ವಂತಿಗೆಯ ಷರತ್ತು ಹಾಕುತ್ತವೆ. ಅದರ ಕೆಳಗೇ ವರ್ಷಕ್ಕೆ ಎಷ್ಟು ದಿನ ಸಂಬಳ ಸಹಿತ ರಜೆ, ಮಂಜೂರು ಮಾಡುವವರು ಯಾರು, ಎಷ್ಟು ದಿನದೊಳಗೆ ಎಂಬ ಮೂರು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಬರುವ ಏಪ್ರಿಲ್‌ನ ಟೆಂಡರಿನಲ್ಲೇ ಅದನ್ನು ಬರೆಯಬಹುದು.