ಪಾಡ್‌ಕಾಸ್ಟ್ ಊರಿನ ಕಾವಲುಗಾರನಲ್ಲ

ಹಳ್ಳಿಗಳಿಗೆ ಆರೋಗ್ಯದ ಮಾಹಿತಿ ಮುಟ್ಟಿಸುವ ಮಾತು ಬಂದರೆ ಈಚೆಗೆ ಸಿದ್ಧ ಉತ್ತರವೊಂದಿದೆ: ಪಾಡ್‌ಕಾಸ್ಟ್ ಮಾಡಿ. ಕೈಗೊಂದು ಮೊಬೈಲ್ ಇದೆ, ಡೇಟಾ ಅಗ್ಗ. ಒಳ್ಳೆಯ ವೈದ್ಯರೊಬ್ಬರನ್ನು ಮೈಕಿನ ಮುಂದೆ ಕೂರಿಸಿದರೆ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಗೂ ಬೆಂಗಳೂರಿಗೂ ಒಂದೇ ತಿಳಿವಳಿಕೆ ಸಿಗುತ್ತದಂತೆ. ತಿಳಿವಳಿಕೆ ಸಿಗಬಹುದು. ಎಚ್ಚರಿಕೆ ಸಿಗುವುದಿಲ್ಲ.

ಪಾಡ್‌ಕಾಸ್ಟಿನ ಪರವಾದ ವಾದ ಹಗುರವಾದದ್ದೇನಲ್ಲ. ಓದು ಬಾರದವರೂ ಕೇಳಬಲ್ಲರು. ಮುಟ್ಟಿನ ತೊಂದರೆ, ಕ್ಷಯ, ಮನಸ್ಸಿನ ಬೇನೆಗಳನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಲಾರದವರಿಗೆ ಇಯರ್‌ಫೋನ್ ಒಂದು ಮರೆ. ಸಕ್ಕರೆ ಕಾಯಿಲೆಯ ಜೊತೆ ವರ್ಷಗಟ್ಟಲೆ ಬಾಳುವವರಿಗೆ ಅರ್ಧ ನಿಮಿಷದ ಜಾಹೀರಾತು ಸಾಲದು, ಒಂದು ತಾಸಿನ ಮಾತು ಬೇಕು. ಇದನ್ನೆಲ್ಲ ಒಪ್ಪುತ್ತೇನೆ. ಲಕ್ಷ ಜನ ಕೇಳಿದ್ದಾರೆ, ಅದಕ್ಕೇ ಅದು ನಿಜ ಎನ್ನುವವರಿಗೆ ಉತ್ತರ ಕೊಡುವುದು ದಂಡ.

ಆದರೆ ತೊಗರಿ ಕೊಯ್ಯುವಾಗ ಹಾವು ಕಚ್ಚಿದವನಿಗೆ ಬೇಕಾದದ್ದು ನಾಲ್ಕೇ ಮಾತು: ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಕಾಲು ಅಲುಗಿಸಬೇಡಿ, 108ಕ್ಕೆ ಫೋನ್ ಮಾಡಿ. ಇದನ್ನು ಮೊದಲೇ ಕೇಳಿ ನೆನಪಿಟ್ಟುಕೊಂಡಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇವತ್ತು ಬಸವಕಲ್ಯಾಣದಲ್ಲಿದೆಯೋ, ಹುಮನಾಬಾದಿಗೆ ಓಡಬೇಕೋ? ಹೋದ ವರ್ಷ ರೆಕಾರ್ಡ್ ಮಾಡಿದ ದನಿಗೆ ಅದು ಗೊತ್ತಿರುವುದಿಲ್ಲ.

ಹಳೆಯ ದನಿಗೆ ಇನ್ನೊಂದು ಚಾಳಿ, ತನಗೆ ವಯಸ್ಸಾದದ್ದನ್ನು ಅದು ಹೇಳುವುದಿಲ್ಲ. ದೇಶದ ಮೊದಲ ಕೊರೊನಾ ಸಾವು ಪಕ್ಕದ ಕಲಬುರಗಿಯಲ್ಲಾದ 2020ರ ಮಾರ್ಚಿನಲ್ಲಿ, ಆರೋಗ್ಯವಂತರಿಗೆ ಮಾಸ್ಕ್ ಅಗತ್ಯವಿಲ್ಲ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿತ್ತು. ಜೂನ್ ಹೊತ್ತಿಗೆ ಸಂಸ್ಥೆ ಮಾತು ಬದಲಿಸಿತು. ಬದಲಿಸಿದ್ದು ಸರಿಯೇ. ಆದರೆ ಮಾರ್ಚಿನಲ್ಲಿ ರೆಕಾರ್ಡ್ ಆದ ಸಂಭಾಷಣೆ ಅಳಿಸುವತನಕ ಅದೇ ಧೈರ್ಯದಿಂದ ಮಾತಾಡುತ್ತಲೇ ಇರುತ್ತದೆ.

ನಮ್ಮ ಬೀದರ್ ಜಿಲ್ಲೆಯಲ್ಲೇ ಇದಕ್ಕಿಂತ ಕಠೋರವಾದ ಪಾಠವಿದೆ. 2018ರ ಜುಲೈ 13. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿದ್ದ ಕಾಲ. ಔರಾದ ಭಾಗದ ಹಳ್ಳಿಯೊಂದರಲ್ಲಿ ಹೊರಗಿನಿಂದ ಬಂದ ಗೆಳೆಯರ ಗುಂಪಿನವರೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಸಾಕಾಯಿತು. ಜನ ಮುತ್ತಿದರು, ಇವರು ಕಾರು ಹತ್ತಿ ಓಡಿದರು. ಕಾರಿಗಿಂತ ಮೊದಲು ಸಂದೇಶ ಮುರ್ಕಿ ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿದರು, ಕಾರು ಉರುಳಿತು. ಹೈದರಾಬಾದಿನ ತರುಣ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಹೊಡೆತಕ್ಕೆ ಸತ್ತರು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಸುಳ್ಳು ಸುದ್ದಿಯ ಅಪಾಯದ ಬಗ್ಗೆ ಅತ್ಯುತ್ತಮ ಪಾಡ್‌ಕಾಸ್ಟ್ ಅವತ್ತು ಇದ್ದಿದ್ದರೂ ಆ ಗುಂಪಿನಲ್ಲಿ ಅದನ್ನು ಯಾರು ಹಚ್ಚಿ ಕೇಳುತ್ತಿದ್ದರು? ಗುಲ್ಲನ್ನು ನಂಬಿದ್ದು ಅದು ಗುರುತಿನವರ ಮೊಬೈಲಿನಿಂದ ಬಂದಿತೆಂದು. ಅದನ್ನು ತಡೆಯುವ ಮಾತೂ ಗುರುತಿನವರ ಬಾಯಿಂದಲೇ ಬರಬೇಕಿತ್ತು, ಆ ಗಳಿಗೆಯಲ್ಲೇ ಬರಬೇಕಿತ್ತು.

ಕನ್ನಡ, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳುವ ಈ ಸೀಮೆಯಲ್ಲಿ ಅಂಥ ಗುರುತಿನವಳು ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಲಸಿಕೆ ತಪ್ಪಿದೆ ಎಂಬುದು ಆಕೆಗೆ ಗೊತ್ತು. ಅರ್ಥವಾಗದಿದ್ದರೆ ಆಕೆಯನ್ನು ನಿಲ್ಲಿಸಿ ಮತ್ತೆ ಕೇಳಬಹುದು. ಆರೋಗ್ಯ ಇಲಾಖೆ ಪಾಡ್‌ಕಾಸ್ಟ್ ಮಾಡಲಿ, ಅದರ ಮೇಲೆ ತಾರೀಖು ಮತ್ತು ಹೊಣೆ ಹೊತ್ತವರ ಹೆಸರು ಹಾಕಲಿ. ಆದರೆ ಸ್ಟುಡಿಯೋಗೆ ದುಡ್ಡು ತೆಗೆದಿಡುವ ಮೊದಲು ಆಕೆಯ ಗೌರವಧನ ಸಂದಾಯವಾಗಲಿ. ಅದಕ್ಕಾಗಿ 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.